ನಾರ್ವೆಗೆ ಇಬ್ಬರು, ದೀಪಕ್ಕೆ ಯಾರು?

"ಮೈನಸ್ ಹದಿನೈದು ಡಿಗ್ರಿ ಚಳಿ ತಡ್ಕೊಳ್ಳೋ ಸ್ವೆಟರ್ ಐತಾ?"

ಚಳ್ಳಕೆರೆ ಬಜಾರಿನಲ್ಲಿ ನಿಂತು ಈ ಪ್ರಶ್ನೆಯನ್ನ ಒಂದ್ಸಲ ಕೇಳಿ ನೋಡಿ. ಮಜಾ ಇರುತ್ತೆ. ಅಂಗಡಿಯ ಭಾಯಿ ತಲೆ ಮೇಲೆ ಗರಗರ ತಿರುಗುತ್ತಿದ್ದ ಫ್ಯಾನನ್ನೊಮ್ಮೆ ನೋಡಿದರು. ಆಮೇಲೆ ನನ್ನನ್ನೊಮ್ಮೆ ನೋಡಿದರು.

"ಊಟಿಗಾ ಮೇಡಂ?"

"ಅಲ್ಲ ಭಾಯ್, ನಾರ್ವೆಗೆ."

"ಅದು ಊಟಿಗಿಂತ ಮೇಲೈತಾ?"

"ಬಾಳ ಮೇಲೈತೆ."

"ಹಂಗಾದ್ರೆ ಎರಡು ಹಾಕ್ಕೊಂಡ್ಬಿಡಿ, ಒಂದರ ಮೇಲೊಂದು. ಫಸ್ಟ್ ಕ್ಲಾಸ್ ಆಗ್ತೈತೆ!"

ಸಮಸ್ಯೆ ಅಲ್ಲಿಗೇ ಖಲಾಸ್. ಸ್ವೆಟರ್ ಬೇಡ ಅಂತ ಹೇಳಿ, ಸುಮ್ಮನೆ ವಾಪಸ್ ಬರೋಕೆ ಮನಸ್ಸಾಗದೆ ಎರಡು ಮಂಕಿ ಕ್ಯಾಪ್ ತಗೊಂಡೆ. ಭಾಯಿಗೆ ಅದೂ ಸಮಾಧಾನ ಇಲ್ಲ. "ಎರಡು ಯಾರಿಗೆ ಮೇಡಂ? ಯಜಮಾನ್ರೂ ಬರ್ತಾರಾ?" ಅಂದರು.

ಯಜಮಾನರು ಬರಲ್ಲ. ಮನೆಯ ಎಸಿಗೇ ಶಾಲು ಹೊದ್ದು ಮಲಗೋ ಮನುಷ್ಯ ಅವರು. ಹಾಗಾದರೆ ಆ ಎರಡನೇ ಮಂಕಿ ಕ್ಯಾಪ್ ಯಾರಿಗೆ? ಹೋದ ವಾರವಿಡೀ ನಮ್ಮನೆಯಲ್ಲಿ ಇದೊಂದೇ ಪ್ರಶ್ನೆ. ಬೇರೆ ಎಲ್ಲ ಸುದ್ದಿ ಬಂದ್.

ಈ ಅಂಕಣವನ್ನ ಬಿಡದೆ ಓದೋರಿಗೆ ನನ್ನ ಹುಚ್ಚು ಗೊತ್ತು. ಹೊಸಬರಿಗಾಗಿ ಎರಡು ಮಾತು. ನಾನು ಕೈಟ್ ಸರ್ಫಿಂಗ್ ಮಾಡ್ತೀನಿ. ಕಾಲಿಗೆ ಒಂದು ಹಲಗೆ, ಸೊಂಟಕ್ಕೆ ಒಂದು ಪಟ್ಟಿ, ಆಕಾಶದಲ್ಲಿ ನಮ್ಮನೆ ಹಜಾರದಷ್ಟು ಅಗಲದ ಗಾಳಿಪಟ. ಗಾಳಿ ಎಳೆದ ಕಡೆಗೆಲ್ಲ ಹೋಗದೆ, ನಾನು ಹೇಳಿದ ಕಡೆಗೆ ಗಾಳಿಯನ್ನ ಕರ್ಕೊಂಡು ಹೋಗೋದು. ಅಷ್ಟೇ ಆಟ. ಚಳ್ಳಕೆರೆಗೆ ಸಮುದ್ರ ಎಲ್ಲಿಂದ ಬಂತು ಅಂತೀರಾ? ಬಂದಿಲ್ಲ. ನಮ್ಮದು ಶೇಂಗಾ ಎಣ್ಣೆ ಗಿರಣಿಯ ಮನೆ. ಮದುವೆಯಾದ ಹೊಸದರಲ್ಲಿ ಶೇಂಗಾ ಹಡಗಿಗೆ ಹತ್ತಿಸೋ ಕೆಲಸಕ್ಕೆ ಅಂತ ನಮ್ಮೆಜಮಾನ್ರು ಕೆಲವು ವರ್ಷ ತೂತ್ತುಕುಡಿಯಲ್ಲಿದ್ದರು. ಅವರು ಬಂದರಿನಲ್ಲಿ ಮೂಟೆ ನೋಡ್ಕೊಂಡರು, ನಾನು ದಂಡೆಯಲ್ಲಿ ಗಾಳಿಪಟ ನೋಡ್ಕೊಂಡೆ. ಊರಿಗೆ ವಾಪಸ್ ಬಂದ ಮೇಲೂ ಪ್ರತಿವರ್ಷ ಗಾಳಿ ಶುರುವಾದ ತಕ್ಷಣ ರಾಮೇಶ್ವರದ ಕಡೆಗೆ ಓಡ್ತೀನಿ. ಈಗ ಹೊಸಬರಿಗೆ ನಾನೇ ಪಾಠ ಹೇಳೋವಷ್ಟು ಕಲಿತಿದ್ದೀನಿ. ಜಂಬ ಅಂತೀರಾ? ಅನ್ನಿ. ಕಷ್ಟಪಟ್ಟು ಕಲಿತ ಮೇಲೆ ಸ್ವಲ್ಪ ಜಂಬನಾದ್ರೂ ಬೇಡವಾ?

ನೀರಾಯ್ತು. ಇನ್ನು ಹಿಮ. ಇದೇ ಆಟವನ್ನ ಹಿಮದ ಮೇಲೂ ಆಡ್ತಾರೆ, ಸ್ನೋಕೈಟಿಂಗ್ ಅಂತ. ನಾರ್ವೆಯಲ್ಲಿ ಮರವಿಲ್ಲದ, ತಂತಿ ಕಂಬವಿಲ್ಲದ, ಕಣ್ಣು ಹಾಯಿಸಿದಷ್ಟೂ ಬೆಳ್ಳಗಿರೋ ಬಯಲಿದೆಯಂತೆ. ಫೆಬ್ರವರಿಯಲ್ಲಿ ಅಲ್ಲೊಂದು ಕ್ಯಾಂಪ್. ನಾನೂ ರಾಮೇಶ್ವರದ ಗೆಳತಿ ಸೆಲ್ವಿಯೂ ಎರಡು ವರ್ಷದಿಂದ ಇದಕ್ಕೇ ಪ್ಲಾನ್ ಮಾಡಿದ್ದು. ಯಾವ ಜಾಕೆಟ್, ಯಾವ ಬೂಟು, ಯಾವ ವಿಮಾನ, ಎಲ್ಲ ತೀರ್ಮಾನವಾಗಿತ್ತು. ಅಷ್ಟರಲ್ಲಿ ಸೆಲ್ವಿ ಬಿದ್ದು ಕಾಲು ಮುರ್ಕೊಂಡಳು. ಸಮುದ್ರದಲ್ಲಲ್ಲ, ಬಾತ್‌ರೂಮಿನಲ್ಲಿ. (ಅಲೆಗಳಿಗೆ ಹೆದರದವಳನ್ನ ಸೋಪು ಕೆಡವಿತು ನೋಡಿ.)

ಅವಳಿಲ್ಲ ಅಂದರೆ ನಾನೂ ಇಲ್ಲ. ಯಾಕಂದ್ರೆ ಆ ಕ್ಯಾಂಪಿಗೆ ಒಬ್ಬರೇ ಬರೋ ಹಾಗಿಲ್ಲ, ಜೋಡಿ ಬೇಕು. ಒಬ್ಬರು ಹಾರಿಸುವಾಗ ಇನ್ನೊಬ್ಬರು ಪಟ ಹಿಡಿದು ನಿಲ್ಲಬೇಕು, ಇಳಿಸುವಾಗ ಹೋಗಿ ಹಿಡ್ಕೋಬೇಕು, ನಡುವೆ ಕಣ್ಣು ಕೀಳದೆ ನೋಡ್ತಿರಬೇಕು. ಹೊಸಬರಾದರೂ ಪರವಾಗಿಲ್ಲ, ಆದರೆ ಪರಿಚಯವಿಲ್ಲದವರನ್ನ ಅಲ್ಲಿ ಬಂದು ಜೋಡಿ ಮಾಡ್ಕೊಳ್ಳೋಕೆ ಬಿಡಲ್ಲ. ಕ್ಯಾಂಪ್ ನಡೆಸೋ ಇಂಗ್ರಿಡ್ ಅನ್ನೋ ಹೆಂಗಸು ವಿಡಿಯೋ ಕಾಲಿನಲ್ಲಿ ನಗುನಗುತ್ತಲೇ ಕಡ್ಡಿ ಮುರಿದ ಹಾಗೆ ಹೇಳಿದಳು. ಸೋಮವಾರದೊಳಗೆ ಜೋಡಿಯ ಹೆಸರು ಕೊಡಬೇಕು, ಇಲ್ಲದಿದ್ದರೆ ಜಾಗ ಬೇರೆಯವರಿಗೆ.

ನಾನು ಬಿಡ್ತೀನಾ? ನನ್ನ ಕೌಶಲ್ಯ ನೋಡಿಯಾದರೂ ಒಬ್ಬಳೇ ಬಾ ಅಂದಾಳು ಅಂತ, ಆಷಾಢದಲ್ಲಿ ನಮ್ಮೂರ ಕಾವಲಿನಲ್ಲಿ ತೆಗೆದಿದ್ದ ವಿಡಿಯೋ ಕಳಿಸಿದೆ.

ಕಾವಲು ಅಂದರೆ ನಮ್ಮೂರ ಹೊರಗಿನ ಹುಲ್ಲುಬಯಲು. ಆಷಾಢದಲ್ಲಿ ಅಲ್ಲಿ ಗಾಳಿ ಅಂದ್ರೆ ಗಾಳಿ! ದೂರದ ಗುಡ್ಡದ ಮೇಲಿನ ಕರೆಂಟಿನ ಫ್ಯಾನುಗಳು ಎಷ್ಟು ಜೋರಾಗಿ ತಿರುಗ್ತಿವೆ ನೋಡ್ಕೊಂಡೇ ನಾನು ಯಾವ ಪಟ ಬಿಚ್ಚಬೇಕು ಅಂತ ನಿರ್ಧಾರ ಮಾಡೋದು. ಹಲಗೆಗೆ ದಪ್ಪ ಗಾಲಿ ಹಾಕಿಸಿಕೊಂಡು ಹುಲ್ಲಿನ ಮೇಲೇ ಓಡಿಸ್ತೀನಿ. ಕುರಿ ಮೇಯಿಸೋರು ಬಂದು "ಯಾವ ಪಾರ್ಟಿ ಪ್ರಚಾರ ಅಕ್ಕಾ?" ಅಂತ ಕೇಳ್ತಾರೆ. ಬಟ್ಟೆ ಅಷ್ಟು ದೊಡ್ಡದಿದ್ದರೆ ಪಾಪ, ಅವರಾದರೂ ಇನ್ನೇನು ಅಂದ್ಕೋಬೇಕು?

ಅಲ್ಲಿ ಪಟ ಹಿಡಿಯೋಕೆ ಒಬ್ಬರು ಬೇಕಲ್ಲ. ಮೊದಲ ಸಲ ಯಜಮಾನರು ಬಂದರು. ಗಾಳಿ ಅವರನ್ನ ನಾಲ್ಕು ಮಾರು ಎಳೀತು. ಅವತ್ತೇ ನಿವೃತ್ತಿ ಘೋಷಿಸಿದರು. ಆಮೇಲೆ ಬಂದವಳು ಗಿರಿಜಕ್ಕ.

ಗಿರಿಜಕ್ಕ ನನ್ನ ವಾರಗಿತ್ತಿ, ಭಾವನ ಹೆಂಡತಿ. ವಯಸ್ಸು ಐವತ್ತರ ಹತ್ತಿರ. ಸಮುದ್ರ ನೋಡಿಲ್ಲ. ಸ್ಕೂಟಿ ಮಾತ್ರ ಲಾರಿಯವರೂ ದಾರಿ ಬಿಡೋ ಹಾಗೆ ಓಡಿಸ್ತಾಳೆ. "ಅದೇನು ಹಿಡ್ಕೋಬೇಕು ಕೊಡೇ ಇಲ್ಲಿ" ಅಂತ ಬಂದವಳು ಈಗ ಸಣ್ಣ ಪಟವನ್ನ ತಾನೇ ಹಾರಿಸ್ತಾಳೆ. ಸ್ಕೂಟಿಯ ಕೆಂಪು ಹೆಲ್ಮೆಟ್ಟು, ಚೂಡಿದಾರು, ಕಾಲಿಗೆ ಅವಳ ಮಗನ ಹಳೇ ಶೂ.

ಆ ವಿಡಿಯೋದಲ್ಲಿ ಏನಾಗುತ್ತೆ ಅಂದರೆ, ನಾನು ಭಾರೀ ಸ್ಟೈಲಾಗಿ ಹೋಗ್ತಿರ್ತೀನಿ. ಇದ್ದಕ್ಕಿದ್ದಂತೆ ಗಾಳಿ ಜೋರಾಗುತ್ತೆ. ಸಮುದ್ರದಲ್ಲಾದರೆ ಇಂಥ ಹೊತ್ತಲ್ಲಿ ಸುಮ್ಮನೆ ಹಿಂದಕ್ಕೆ ವಾಲಿ ನೀರಿನಲ್ಲಿ ಕೂತುಬಿಡಬೇಕು. ನೀರೇ ಬ್ರೇಕು. ವರ್ಷಗಟ್ಟಲೆ ಮೈಗೆ ಹತ್ತಿದ ಅಭ್ಯಾಸ, ನಾನು ಕೂತೇಬಿಟ್ಟೆ. ಆದರೆ ಅದು ಕಾವಲು ಕಣ್ರೀ! ಮುಳ್ಳು, ಕಲ್ಲು, ಕುರಿ ಹಿಕ್ಕೆ. ಕೂತ ಭಂಗಿಯಲ್ಲೇ ಮೆರವಣಿಗೆ ಹೊರಟೆ. ಪಕ್ಕದಲ್ಲಿ ಕೆಂಪು ಹೆಲ್ಮೆಟ್ ಓಡಿ ಬರ್ತಾ ಅರಚ್ತಿದೆ. "ಬಿಡೇ! ಬಿಡೇ ಅದನ್ನ! ಎಡಗೈ ತೆಗೀ, ಕೆಂಪು ಗುಂಡಿ ಒತ್ತು!" ಒತ್ತಿದೆ. ಪಟ ಸತ್ತು ಬಿತ್ತು. ಓಡಿ ಹೋಗಿ ಪಟದ ಮೇಲೆ ಅವಳು ಅಂಗಾತ ಮಲಗಿಬಿಟ್ಟಳು, ಮತ್ತೆ ಹಾರಬಾರದು ಅಂತ. ನನ್ನ ಪ್ಯಾಂಟಿನ ಹಿಂಭಾಗ ಮಾತ್ರ ಕಾವಲಿನಲ್ಲೇ ಉಳೀತು.

(ಆ ಭಾಗ ಕತ್ತರಿಸಿ ಕಳಿಸಬೇಕಿತ್ತು. ಮರೆತೆ.)

ಇಂಗ್ರಿಡ್ ನೋಡಿದಳು. ನನ್ನ ಸ್ಟೈಲಿನ ಬಗ್ಗೆ ಒಂದು ಮಾತೂ ಇಲ್ಲ! "ಆ ಕೆಂಪು ಹೆಲ್ಮೆಟ್ ಯಾರು?" ಅಂದಳು. ನಮ್ಮ ವಾರಗಿತ್ತಿ ಅನ್ನೋದನ್ನ ಇಂಗ್ಲಿಷಿನಲ್ಲಿ ವಿವರಿಸೋದರೊಳಗೆ ನನಗೆ ಬೆವರು ಕಿತ್ತು ಬಂತು. ಅವಳಿಗೆ ಅದೇನೂ ಬೇಕಿರಲಿಲ್ಲ. "ಜೋಡಿ ಇಲ್ಲ ಇಲ್ಲ ಅಂತ ಅಳ್ತಿದ್ದೀಯಲ್ಲ, ಇವರು ಯಾಕೆ ಬರಬಾರದು?"

ಹೌದಲ್ವಾ! ಯಾಕೆ ಬರಬಾರದು? ಒಂದೇ ಒಲೆ ಮುಂದೆ ಇಷ್ಟು ವರ್ಷ ಒಟ್ಟಿಗೆ ನಿಂತಿದ್ದೀವಿ. ಅವಳು ಕೈ ಚಾಚಿದರೆ ಸಾಸಿವೆ ಡಬ್ಬ ಕೇಳ್ತಿದ್ದಾಳೋ ಸೌಟು ಕೇಳ್ತಿದ್ದಾಳೋ ನನಗೆ ತಿರುಗದೇ ಗೊತ್ತಾಗುತ್ತೆ. ನಾನು ಒಗ್ಗರಣೆ ಸೀಯಿಸೋಕೆ ಮುಂಚೆಯೇ ಅವಳು "ಇಳಿಸೇ!" ಅಂತ ಕೂಗಿರ್ತಾಳೆ. ಇದಕ್ಕಿಂತ ಒಳ್ಳೆ ಟ್ರೇನಿಂಗ್ ನಾರ್ವೆಯವರಿಗೆ ಸಿಕ್ಕಿದೆಯಾ?

ಅಡುಗೆಮನೆಗೆ ಓಡಿದೆ. ಗಿರಿಜಕ್ಕ ಬದನೆಕಾಯಿ ಹೆಚ್ಚುತ್ತಿದ್ದಳು. ಉಸಿರು ಬಿಡದೆ ಎಲ್ಲ ಹೇಳಿದೆ. ಕೈ ನಿಂತಿತು. ಮುಖ ಕೆಂಪಾಯಿತು.

"ಅಲ್ಲಿ ಉಪ್ಪಿಟ್ಟು ಸಿಗ್ತೈತಾ?"

"ರವೆ ಕಟ್ಕೊಂಡು ಹೋಗಣ ಬಿಡು."

"ನಂದು ಪಾಸ್‌ಪೋರ್ಟ್ ಐತೆ ಕಣೇ" ಅಂದಳು, ಕಳ್ಳತನ ಒಪ್ಪಿಕೊಳ್ಳೋರ ಹಾಗೆ ಮೆಲ್ಲಗೆ. ಇದ್ದದ್ದು ನನಗೆ ಗೊತ್ತು. ದುಬೈಯಲ್ಲಿ ಅವಳ ಚಿಕ್ಕಪ್ಪನ ಮಗಳ ಮದುವೆ ಅಂತ ಮಾಡಿಸಿದ್ದು. ಅದೇ ವಾರ ನನ್ನ ತಮ್ಮನ ಮದುವೆ ಬಂತು, ಅವಳು ಹೋಗಲಿಲ್ಲ. ಪಾಸ್‌ಪೋರ್ಟ್ ಒಂದು ಸೀಲೂ ಬೀಳದೆ ರೇಷ್ಮೆ ಸೀರೆಗಳ ಮಡಿಕೆಯಲ್ಲಿ ಮಲಗಿದೆ.

ನನ್ನ ತಮ್ಮನ ಮದುವೆಗೂ ಅವಳ ದುಬೈಗೂ ಏನು ಸಂಬಂಧ ಅಂತೀರಾ? ಅಲ್ಲೇ ಇರೋದು ವಿಷಯ.

ನಮ್ಮನೆಯಲ್ಲೊಂದು ನೇಮ. ಸಂಜೆ ದೇವರ ಮುಂದಿನ ದೀಪ ಹಚ್ಚಬೇಕಾದ್ದು ಮನೆಯ ಸೊಸೆ. ಕೆಲಸದವರಲ್ಲ, ಮಗಳಲ್ಲ, ಸೊಸೆ. ಹಾಗಾಗಿ ಇಬ್ಬರು ಸೊಸೆಯರೂ ಒಟ್ಟಿಗೆ ಊರು ಬಿಡೋ ಹಾಗಿಲ್ಲ. ಒಬ್ಬಳು ಹೋದರೆ ಇನ್ನೊಬ್ಬಳು ಇರಬೇಕು. ನಾನು ತವರಿಗೆ ಹೋದಾಗ ಅವಳು, ಅವಳು ಹೋದಾಗ ನಾನು. ನಾನು ಪ್ರತಿವರ್ಷ ರಾಮೇಶ್ವರದಲ್ಲಿ ಅಲೆ ಮೇಲೆ ಹಾರ್ತಿದ್ದೆನಲ್ಲ, ಅಷ್ಟೂ ಸಂಜೆ ಇಲ್ಲಿ ಬತ್ತಿ ಹೊಸೆದವಳು ಗಿರಿಜಕ್ಕ. ನಾವಿಬ್ಬರೂ ಜೊತೆಯಾಗಿ ಒಂದೇ ಒಂದು ರಾತ್ರಿ ಬೇರೆ ಊರಿನಲ್ಲಿ ಕಳೆದಿರಲಿಲ್ಲ. ಇಲ್ಲೇ ಹತ್ತಿರದ ಗೌರಸಮುದ್ರದ ಜಾತ್ರೆಗೆ ಹೋದರೂ ಕತ್ತಲಾಗೋದರೊಳಗೆ ಒಬ್ಬಳು ಬಸ್ ಹತ್ತಲೇಬೇಕು.

"ಹೋಗಬೇಕು ಅಂತ ಆಸೆ ಐತೆ ಕಣೇ, ಬಾಳ ಆಸೆ ಐತೆ" ಅಂದಳು ಗಿರಿಜಕ್ಕ. ಹಾಗೆಲ್ಲ ಆಸೆ ಹೇಳಿಕೊಳ್ಳೋಳಲ್ಲ ಅವಳು. "ಆದರೆ ದೀಪ ಯಾರು ಹಚ್ತಾರೆ?"

ಚಳಿ, ಗಾಳಿ, ವೀಸಾ ಯಾವುದಕ್ಕೂ ಹೆದರದ ನಾನು ಒಂದು ಬತ್ತಿಯ ಮುಂದೆ ಸೋಲಬೇಕಾ? ಆಗಲ್ಲ ಅಂದ್ಕೊಂಡೆ. ನೇರ ಬಜಾರಿಗೆ ಹೋದೆ, ಎರಡು ಮಂಕಿ ಕ್ಯಾಪ್ ತಂದೆ, ಹಜಾರದ ಟೀಪಾಯ್ ಮೇಲೆ ಎಲ್ಲರಿಗೂ ಕಾಣೋ ಹಾಗೆ ಇಟ್ಟೆ.

ಭಾನುವಾರ ಬೆಳಗ್ಗೆ ಪಂಚಾಯ್ತಿ ಕೂಡಿತು. ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ. ಹೊಟ್ಟೆ ತುಂಬಿದ ಗಂಡಸರ ಹತ್ತಿರ ಮಾತಾಡೋದು ಸುಲಭ ಅಂತ ನನ್ನ ಲೆಕ್ಕ. ಭಾವ, ಯಜಮಾನರು ಸೋಫಾದಲ್ಲಿ. ಅತ್ತೆ ಕೆಳಗೆ ಗೋಡೆಗೊರಗಿ ಬಿತ್ತನೆ ಶೇಂಗಾ ಸುಲಿಯುತ್ತಾ.

ಭಾವ ಒಳ್ಳೆಯವರು. ಬೇಡ ಅನ್ನಲ್ಲ, ಚಿಂತೆ ಮಾಡ್ತಾರೆ, ಅಷ್ಟೇ. "ಹೋಗಿ ಬರ್ಲಿ, ನಂದೇನು ಅಭ್ಯಂತರ ಇಲ್ಲ. ಆದರೆ ಇಬ್ಬರೂ ಹೋದ್ರೆ ದೀಪ?" ಅಂದರು.

"ಒಬ್ಬರು ಈ ವರ್ಷ, ಇನ್ನೊಬ್ಬರು ಮುಂದಿನ ವರ್ಷ ಹೋದ್ರೆ?" ಅಂದರು ಯಜಮಾನರು.

"ಜೋಡಿ ಅಂದ್ರೆ ಇಬ್ಬರು ಕಣ್ರೀ. ಒಂದೇ ವರ್ಷ, ಒಂದೇ ಜಾಗ."

ಅವರು ಯೋಚಿಸಿದರು. ಮುಖ ಅರಳಿತು. "ಆನ್‌ಲೈನಲ್ಲಿ ಕರೆಂಟಿನ ದೀಪ ಬರ್ತೈತೆ. ಟೈಮರ್ ಇಟ್ರೆ ಸಂಜೆ ತಾನೇ ಹತ್ಕೊಳ್ತೈತೆ."

ಭಾವ ತಮ್ಮನನ್ನ ನೋಡಿದ ನೋಟ ಇತ್ತಲ್ಲ! "ಲೇ, ಊರಿಗೆಲ್ಲ ಎಣ್ಣೆ ಮಾರೋರು ನಾವು. ನಮ್ಮ ದೇವರ ಮುಂದೆ ಬಲ್ಬು ಹಾಕ್ತೀಯೇನಲೇ?"

ಆಮೇಲೆ ಪಕ್ಕದ ಮನೆ ಸೊಸೆಯನ್ನ ಕರೆಸೋದು, ಭಾವನ ಮಗನಿಗೆ ಫೆಬ್ರವರಿಯೊಳಗೆ ಮದುವೆ ಮಾಡಿ ಹೊಸ ಸೊಸೆ ತರೋದು (ನಿಜವಾಗಿಯೂ ಈ ಸಲಹೆ ಬಂತು, ಹುಡುಗ ಇನ್ನೂ ಡಿಗ್ರಿ ಎರಡನೇ ವರ್ಷ), ಎಲ್ಲ ಚರ್ಚೆಯಾಯಿತು. ಗಿರಿಜಕ್ಕ ಅಡುಗೆಮನೆ ಬಾಗಿಲಲ್ಲಿ ಸೆರಗು ತಿರುವುತ್ತಾ ನಿಂತಿದ್ದಳು. ಕೊನೆಗೆ, "ಹೋಗ್ಲಿ ಬಿಡ್ರಿ, ನಾನು ಹೋಗಲ್ಲ. ಈ ವಯಸ್ಸಲ್ಲಿ ನಂಗ್ಯಾಕೆ?" ಅಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯಬೇಕು, ಅಷ್ಟರಲ್ಲಿ ಕೆಳಗಿನಿಂದ ಇನ್ನೊಂದು ಬಾಯಿ ತೆರೆಯಿತು.

"ಚಾಲು, ಚಾಲು! ಸಾಕು ನಿಮ್ಮ ಪಂಚಾಯ್ತಿ."

ಅತ್ತೆಯ ತವರು ಮೊಳಕಾಲ್ಮೂರು. ಸುತ್ತ ತೆಲುಗು ಮಾತಾಡೋ ನೇಕಾರರ ಮನೆಗಳ ನಡುವೆ ಬೆಳೆದವರು, ಸಿಟ್ಟು ಬಂದರೆ ಮೊದಲು ತೆಲುಗು ಬರುತ್ತೆ. ನಾನಂತೂ ಮುಗೀತು ನನ್ನ ನಾರ್ವೆ ಅಂದ್ಕೊಂಡೆ. ಆ ನೇಮ ಕಾಯ್ಕೊಂಡು ಬಂದವರೇ ಅವರು.

ಅತ್ತೆ ಮಡಿಲಲ್ಲಿದ್ದ ಸಿಪ್ಪೆ ಕೊಡವಿಕೊಂಡರು. "ಸೊಸೆ ಬೇಕು, ಸೊಸೆ ಬೇಕು ಅಂತೀರಲ್ಲ, ನಾನು ಈ ಮನೆಗೆ ಏನಾಗಿ ಬಂದೆ? ನಾನೂ ಸೊಸೆನೇ ಅಲ್ವೇನ್ರೋ?"

ಅಯ್ಯೋ ದೇವರೇ! ಇಷ್ಟು ಸಿಂಪಲ್ಲಾ? ನಾನು ಕುಣಿಯೋದೊಂದು ಬಾಕಿ. "ಅತ್ತೆ, ಹಂಗಾದ್ರೆ ನೀವೇ ದೀಪ ಹಚ್ತೀರಾ?" ಅಂತ ಕಾಲು ಹಿಡಿಯೋಕೆ ಹೋದೆ.

"ಥೂ, ಸರಿಯೇ ಆಕಡೆ. ನಾನ್ಯಾಕೆ ಹಚ್ಚಲಿ?"

ಅತ್ತೆ ಇನ್ನೊಂದು ಶೇಂಗಾ ಚಟ್ ಅಂತ ಒಡೆದರು.

"ನೀವಾದ್ರೂ ಇಬ್ಬರಿದ್ರಿ. ನನ್ನ ಕಾಲಕ್ಕೆ ನಾನೊಬ್ಬಳೇ ಸೊಸೆ. ಮೊಳಕಾಲ್ಮೂರು ಇಲ್ಲೇ ಐತೆ. ಬಸ್ ಹತ್ತಿ ಒಂದು ಹಿಡಿ ಶೇಂಗಾ ತಿಂದು ಮುಗಿಸೋದ್ರೊಳಗೆ ಬರ್ತೈತೆ. ಮದುವೆಯಾದ ಮೇಲೆ ನಾನು ನಮ್ಮೂರಲ್ಲಿ ಒಂದು ಸಂಜೆ ಕಂಡಿಲ್ಲ ಕಣ್ರೋ. ಊಟದ ಹೊತ್ತಿಗೆ ಹೋಗೋದು, ನಾಲ್ಕು ಗಂಟೆ ಬಸ್ಸಿಗೆ ಓಡಿ ಬರೋದು. ನಮ್ಮ ಅವ್ವ ಸಾಯೋ ದಿನವೂ ನಾಲ್ಕು ಗಂಟೆ ಬಸ್ಸಿಗೆ ಬಂದೆ. ದೀಪ ಹಚ್ತಿದ್ದೆ, ಸುದ್ದಿ ಬಂತು."

ಈ ಮಾತನ್ನ ಅವರು ಇದುವರೆಗೆ ಮಕ್ಕಳ ಹತ್ತಿರವೂ ಆಡಿರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಗಿರಿಜಕ್ಕನ ಕಣ್ಣು ತುಂಬಿತ್ತು. ನನ್ನದೂ, ಸುಳ್ಳು ಯಾಕೆ ಹೇಳಲಿ.

"ನಾವು ಬಂದ ಮೇಲಾದ್ರೂ ಹೋಗಬಹುದಿತ್ತಲ್ಲ ಅತ್ತೆ?" ಅಂದೆ.

"ಹೋಗಬಹುದಿತ್ತು. ನೀವು ಸರಿಯಾಗಿ ಹಚ್ತೀರೋ ಇಲ್ವೋ ಅಂತ ನೋಡ್ಕೊಂಡು ಕೂತೆ. ಎಂಥಾ ಹುಚ್ಚಿ ನಾನು! ದೀಪ ಅದರ ಪಾಡಿಗೆ ಉರೀತು, ನಾನು ಕಾವಲು ಕೂತಿದ್ದೆ." ಶೇಂಗಾ ಬುಟ್ಟಿಯನ್ನ ಪಕ್ಕಕ್ಕೆ ತಳ್ಳಿದರು. "ನೀವಿಬ್ಬರೂ ಹೋಗ್ರವ್ವಾ. ಅದೇನು ಹಿಮನೋ ಹಾಳೋ, ಹಾರ್ಕೊಂಡು ಬರ್ರಿ. ನೀವು ಹೋದ ದಿನವೇ ನಾನೂ ನಮ್ಮ ತಂಗಿ ಮನೆಗೆ ಹೋಗ್ತೀನಿ. ಅಲ್ಲೇ ಹತ್ರ ಇರೋ ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿ, ಹೊತ್ತು ಮುಳುಗೋದು ನೋಡಿ, ನಿಧಾನಕ್ಕೆ ಇಳೀತೀವಿ. ನೀವು ವಾಪಸ್ ಬರೋ ತನಕ ನಾನೂ ಬರಲ್ಲ."

ಭಾವ ಮೆಲ್ಲಗೆ ಕೆಮ್ಮಿದರು. "ಅವ್ವಾ, ಮತ್ತೆ ದೀಪ?"

ಅತ್ತೆ ಇಬ್ಬರು ಗಂಡುಮಕ್ಕಳನ್ನ ಮೇಲಿಂದ ಕೆಳಗೆ ಒಂದು ಸಲ ನೋಡಿದರು. "ಎರಡೆರಡು ಕೈ ಐತಲ್ಲೇನ್ರೋ?" ಅಂದು ಎದ್ದು ಒಳಗೆ ಹೋದರು.

ಅಷ್ಟೇ. ಪಂಚಾಯ್ತಿ ಬರಖಾಸ್ತು. ಅರ್ಧ ಗಂಟೆಯಲ್ಲಿ ಇಂಗ್ರಿಡ್‌ಗೆ ಗಿರಿಜಕ್ಕನ ಹೆಸರು ಹೋಯಿತು, ಕೆಂಪು ಹೆಲ್ಮೆಟ್ಟಿನ ಫೋಟೋ ಸಮೇತ. ಅತ್ತ ಕಡೆಯಿಂದ ಮೂರು ಚಪ್ಪಾಳೆಯ ಚಿತ್ರ ಬಂತು.

ಈಗ ತಯಾರಿ ಜೋರು. ಸಮುದ್ರದ ನನ್ನ ಪಟಕ್ಕೆ ಪಂಪಿನಿಂದ ಗಾಳಿ ತುಂಬಬೇಕು, ಆ ಚಳಿಯಲ್ಲಿ ಅದು ಕಿರಿಕಿರಿ. ಹಾಗಾಗಿ ಗಾಳಿ ತಾನೇ ಒಳಗೆ ತುಂಬಿಕೊಳ್ಳೋ ಬೇರೆ ಪಟವನ್ನ ಅವರೇ ಕೊಡ್ತಾರೆ. ನಾನು ಕೂರೋ ಅಭ್ಯಾಸ ಬಿಡಬೇಕು. ಅದಕ್ಕೆ ಗಿರಿಜಕ್ಕ ದಿನಾ ಬೆಳಗ್ಗೆ ಕಾವಲಿಗೆ ಕರ್ಕೊಂಡು ಹೋಗಿ "ಕೂತೆ ಅಂದ್ರೆ ನೋಡು!" ಅಂತ ಗದರ್ತಾಳೆ. ಗಾಳಿ ಈಗ ಕಮ್ಮಿ, ಗದರಿಕೆ ಜಾಸ್ತಿ. ನನಗಂತೂ ಎಳ್ಳಷ್ಟೂ ಅನುಮಾನ ಇಲ್ಲ. ಫೆಬ್ರವರಿಯಲ್ಲಿ ಆ ಬಿಳೀ ಬಯಲಿನ ಮೇಲೆ ಚಳ್ಳಕೆರೆಯ ಎರಡು ಮಂಕಿ ಕ್ಯಾಪ್‌ಗಳು ಓಡೋದು ಗ್ಯಾರಂಟಿ.

ಅತ್ತೆಯದು ನಮಗಿಂತ ಜೋರು. ಫೆಬ್ರವರಿ ತನಕ ಕಾಯೋದು ಯಾಕೆ, ಒಂದು ಟ್ರಯಲ್ ನೋಡೋಣ ಅಂದರು. ನಿನ್ನೆ ನಾವು ಮೂವರೂ ಮೊಳಕಾಲ್ಮೂರಿಗೆ ಬಂದೆವು. ನಾಲ್ಕು ಗಂಟೆ ಬಸ್ಸು ಹೋಯಿತು. ಅತ್ತೆ ತಂಗಿ ಮನೆ ಜಗಲಿಯಲ್ಲಿ ಕಾಲು ಚಾಚಿ ಕೂತು ಅದು ತಿರುವಿನಲ್ಲಿ ಮರೆಯಾಗೋ ತನಕ ನೋಡಿದರು. ಓಣಿಯ ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು, ದೀಪ ಹತ್ತಿಕೊಂಡವು. "ಸಂಜೆಗೆ ನಮ್ಮೂರು ಹಿಂಗಿರ್ತಿತ್ತು ಅನ್ನೋದೇ ಮರೆತೋಗಿತ್ತು ನೋಡು" ಅಂದರು.

ಅಷ್ಟೊತ್ತಿಗೆ ಫೋನು ಬಂತು. ಗಿರಣಿಯ ಎಣ್ಣೆ ಕೈಯಲ್ಲಿ ತಿಕ್ಕಿ, ಮೂಸಿಯೇ ಇದು ಯಾವ ಹೊಲದ ಶೇಂಗಾ ಅಂತ ಹೇಳೋ ನನ್ನ ಯಜಮಾನರು. ಹಿಂದೆ ಭಾವನ ಉಪದೇಶ, ಡಬ್ಬಗಳು ಬೀಳೋ ಸದ್ದು. "ಏ, ಬತ್ತಿ ಸಿಕ್ತು. ಬೆಂಕಿಪೊಟ್ಟಣ ಸಿಕ್ತು. ಮನೇಲಿ ಎಣ್ಣೆ ಎಲ್ಲಿಟ್ಟಿದೀರಾ?"

ಊರಿಗೆಲ್ಲ ಎಣ್ಣೆ ಹಂಚೋ ಮನೆಯ ಗಂಡಸರಿಗೆ ಸ್ವಂತ ಮನೆಯ ಎಣ್ಣೆ ಡಬ್ಬ ಎಲ್ಲೈತೆ ಅಂತ ಗೊತ್ತಾಗೋಕೆ ಮೂವರು ಸೊಸೆಯರೂ ಊರು ಬಿಡಬೇಕಾಯ್ತಾ?